ಬಸುರಿಗೆ ಜೊತೆ ಯಾರು? ಕರಾವಳಿಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಆರೋಗ್ಯ ಉಪಕೇಂದ್ರಗಳಲ್ಲಿ 28 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಊರವರಿಗೆ ಈಗಲೂ ‘ಸಿಸ್ಟರಕ್ಕ’. ಬಸುರಿಯರು, ಅವರ ಅಮ್ಮಂದಿರು, ಅತ್ತೆಯಂದಿರು, ಮುಂಬಯಿಯಿಂದಲೋ ದುಬೈಯಿಂದಲೋ ಫೋನ್ ಮಾಡುವ ಗಂಡಂದಿರು ನನ್ನಲ್ಲಿ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನಿಮ್ಮನ್ನು ನೋಡುವ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತನ್ನೇ ಹಿಡಿಯಿರಿ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತಾರೆ ಅತ್ತೆ. ಆಶಾ ಕಾರ್ಯಕರ್ತೆಗೂ ಹೇಳಬಾರದಾ ಅಕ್ಕ?

ನೆಂಟರಿಗೆ ಹೇಳುವುದು ಬಿಡುವುದು ನಿಮ್ಮ ಮನೆಯ ವಿಷಯ. ಆಶಾಗೆ ಮಾತ್ರ ಮುಟ್ಟು ನಿಂತ ಕೂಡಲೇ ಹೇಳಿ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ. ಫೋಲಿಕ್ ಆಸಿಡ್ ಮಾತ್ರೆಗೆ ಕೆಲಸವಿರುವುದೂ ಆಗಲೇ. ಮೂರು ತಿಂಗಳು ಗುಟ್ಟು ಮಾಡಿ ಕೂತರೆ ಆ ಹೊತ್ತು ದಾಟಿಹೋಗಿರುತ್ತದೆ. 12 ವಾರದೊಳಗೆ ಹೆಸರು ಬರೆಸಿದರೆ ಹಿಮೋಗ್ಲೋಬಿನ್, ರಕ್ತದ ಗುಂಪು, ಶುಗರ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳು ಬೇಗ ಮುಗಿಯುತ್ತವೆ. ನಿಮ್ಮದು ನೆಗೆಟಿವ್ ಗುಂಪು, ಗಂಡನದು ಪಾಸಿಟಿವ್ ಎಂದಾದರೆ 28ನೇ ವಾರದ ಹೊತ್ತಿಗೆ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಮಗು ಪಾಸಿಟಿವ್ ಆಗಿ ಹುಟ್ಟಿದರೆ ಹೆರಿಗೆಯಾದ 72 ಗಂಟೆಯೊಳಗೆ ಅದನ್ನು ಮತ್ತೆ ಕೊಡಬೇಕು.

ಮನೆಯವರಿಗೆ ಸದ್ಯ ಗೊತ್ತಾಗುವುದು ಬೇಡ ಎಂದಿದ್ದರೆ ಆಶಾಗೆ ಹಾಗೆಂದೇ ಹೇಳಿ. ನಾನು ಕಂಡ ಆಶಾಗಳಲ್ಲಿ ಹೆಚ್ಚಿನವರು ಅಂಥ ಗುಟ್ಟನ್ನು ಚೆನ್ನಾಗಿ ಕಾಯುತ್ತಾರೆ.

ನಾವು ತೋರಿಸುವುದು ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ. ತಾಯಿ ಕಾರ್ಡ್ ಯಾಕೆ ಬೇಕು?

ಆಸ್ಪತ್ರೆಯ ಫೈಲು ಆಸ್ಪತ್ರೆಯಲ್ಲೇ ಇರುತ್ತದೆ, ನೀವು ಇರುವುದಿಲ್ಲ. ನಮ್ಮ ಕಡೆ ಚೊಚ್ಚಲ ಬಸುರಿ ಏಳನೇ ತಿಂಗಳಲ್ಲಿ ತವರಿಗೆ ಹೋಗುತ್ತಾಳೆ. ಸುರತ್ಕಲ್ಲಿನಿಂದ ಕಾರ್ಕಳಕ್ಕೆ, ಮುಂಬಯಿಯಿಂದ ಕುಂದಾಪುರಕ್ಕೆ. ಅಲ್ಲಿ ಮಧ್ಯರಾತ್ರಿ ನೋವು ಬಂದರೆ ಎದುರಿಗಿರುವ ಡಾಕ್ಟರಿಗೆ ಇವಳ ಬಗ್ಗೆ ಏನೂ ಗೊತ್ತಿರುವುದಿಲ್ಲ. ಬಿಪಿ ಯಾವಾಗಿನಿಂದ ಏರಿತು, ಹಿಮೋಗ್ಲೋಬಿನ್ ಎಷ್ಟಿತ್ತು, ಮೊದಲ ಸ್ಕ್ಯಾನಿಂಗ್ ಪ್ರಕಾರ ಹೆರಿಗೆಯ ದಿನ ಯಾವುದು ಎನ್ನುವುದೆಲ್ಲ ಆ ಒಂದು ಕಾರ್ಡಿನಲ್ಲಿ ಇರಬೇಕು. ಎಲ್ಲಿ ತಪಾಸಣೆ ಮಾಡಿಸಿದರೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಎಲ್ಲ ಪುಟದ ಫೋಟೋ ತೆಗೆದು ಗಂಡನ, ಅಮ್ಮನ ಮೊಬೈಲಿಗೂ ಕಳಿಸಿಡಿ. ಸರಕಾರದ ಸಹಾಯಧನಕ್ಕೂ ಈ ಕಾರ್ಡೇ ಆಧಾರ.

ಈ ಕಾಲದಲ್ಲೂ ಹೆರಿಗೆಯಲ್ಲಿ ತಾಯಂದಿರು ಸಾಯುತ್ತಾರಾ? ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಆಸ್ಪತ್ರೆ ಇದೆಯಲ್ಲ?

ಸಾಯುತ್ತಾರೆ. 2004-06ರಲ್ಲಿ ಕರ್ನಾಟಕದಲ್ಲಿ 1 ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದು ದೊಡ್ಡ ಕೆಲಸವೇ. ಆದರೆ ಅದೇ 2018-20ರಲ್ಲಿ ತಲಪಾಡಿಯ ಆಚೆಗಿನ ಕೇರಳದಲ್ಲಿ ಆ ಸಂಖ್ಯೆ 19. ಗಡಿ ದಾಟಿದರೆ ಅದೇ ಮಳೆ, ಅದೇ ಮೀನು, ಅದೇ ಗಂಜಿ. ಹಾಗಾಗಿ ಇನ್ನೂ ಬಹಳಷ್ಟು ಇಳಿಸಬಹುದು ಎಂದೇ ನಾನು ನಂಬಿದ್ದೇನೆ.

ಹೆರಿಗೆಯ ಹೊತ್ತಿನ ರಕ್ತಸ್ರಾವ, ಏರಿದ ಬಿಪಿ, ಸೋಂಕು ಇವು ಮುಖ್ಯ ಕಾರಣಗಳು. ಮೂರಕ್ಕೂ ಮದ್ದಿದೆ, ಮದ್ದು ಮುಟ್ಟುವುದೇ ತಡವಾಗುತ್ತದೆ. ಮನೆಯಲ್ಲಿ ತೀರ್ಮಾನ ಮಾಡಲು ತಡ, ದಾರಿಯಲ್ಲಿ ತಡ, ಆಸ್ಪತ್ರೆಗೆ ಹೋದ ಮೇಲೆ ಚಿಕಿತ್ಸೆ ಶುರುವಾಗಲು ತಡ. ನಮ್ಮಲ್ಲಿ ಆಸ್ಪತ್ರೆಗಳು ಹತ್ತಿರ ಇರುವುದರಿಂದ ಮೊದಲನೆಯ ತಡ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಹೆಚ್ಚು ಕಂಡದ್ದು ಅದನ್ನೇ.

ಎಷ್ಟು ಸಲ ತಪಾಸಣೆ ಮಾಡಿಸಬೇಕು?

ಕಡಿಮೆಯೆಂದರೆ 4 ಸಲ ಎನ್ನುತ್ತದೆ ಸರಕಾರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ 8 ಸಲ ಎನ್ನುತ್ತಿದೆ. ಆದಷ್ಟು 8ರ ಹತ್ತಿರ ಹೋಗಿ. ಪ್ರತಿ ತಿಂಗಳ 9ನೇ ತಾರೀಕಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಡಾಕ್ಟರ ತಪಾಸಣೆ ಉಚಿತ. ಪ್ರತಿ ಸಲವೂ ತೂಕ ಮತ್ತು ಬಿಪಿ ನೋಡಲೇಬೇಕು. ನೋಡದೆ ಕಳಿಸಿದರೆ ಹಿಂದೆ ಹೋಗಿ ಕೇಳಿ. ಅದು ನಿಮ್ಮ ಹಕ್ಕು.

ಕಬ್ಬಿಣದ ಮಾತ್ರೆ ತಿಂದರೆ ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ. ಸೊಪ್ಪು ತಿನ್ನುತ್ತೇನೆ, ಮಾತ್ರೆ ಬಿಡಬಹುದಾ?

ಎಲ್ಲಕ್ಕಿಂತ ಹೆಚ್ಚು ಕೇಳಿದ ಪ್ರಶ್ನೆ ಇದು. ಎಷ್ಟೋ ಮನೆಗಳಲ್ಲಿ ಅಕ್ಕಿ ಡಬ್ಬದ ಹಿಂದೆ ಒಡೆಯದ ಮಾತ್ರೆ ಪಟ್ಟಿಗಳನ್ನು ಕಂಡಿದ್ದೇನೆ. ಆ ಹುಡುಗಿಯರಿಗೆ ಬೈಯಬೇಕೆಂದು ನನಗೆ ಯಾವತ್ತೂ ಅನಿಸಲಿಲ್ಲ. ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ ಎಂದು ಹೇಳಿಕೊಳ್ಳಲು ಅವರಿಗೆ ಯಾರೂ ಇರಲಿಲ್ಲ.

ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ರಕ್ತ ಚೆನ್ನಾಗಿರುವ ಹೆಂಗಸು ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಂಡಾಳು. ಮೊದಲೇ ರಕ್ತ ಇಲ್ಲದವಳಿಗೆ ಅದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಬರುತ್ತದೆ. ಅದಕ್ಕೇ ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಬಸಳೆ, ಹರಿವೆ, ನುಗ್ಗೆಸೊಪ್ಪು, ಹುರುಳಿ ಸಾರು ಎಲ್ಲ ತಿನ್ನಿ, ಒಳ್ಳೆಯದೇ. ಆದರೆ ಸೊಪ್ಪಿನ ಕಬ್ಬಿಣವನ್ನು ಹೊಟ್ಟೆ ಹೀರಿಕೊಳ್ಳುವುದು ಸ್ವಲ್ಪವೇ. ಬಸುರಿಗೆ ಬೇಕಾದಷ್ಟು ಅದೊಂದರಿಂದ ಸಿಗುವುದಿಲ್ಲ.

ಮಲ ಕಪ್ಪಗಾಗುವುದು ಹೊಟ್ಟೆ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಹೆದರಬೇಡಿ. ವಾಕರಿಕೆಯಾದರೆ ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ, ಮಲಗುವ ಮುಂಚೆ ತೆಗೆದುಕೊಳ್ಳಿ. ಜೊತೆಗೆ ಲಿಂಬೆ ಶರಬತ್ತೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಚಾ, ಕಾಫಿಯ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡಕ್ಕೂ ನಡುವೆ ಎರಡು ಗಂಟೆ ಬಿಡಿ. ಹೀಗೆಲ್ಲ ಮಾಡಿಯೂ ಆಗದಿದ್ದರೆ ಮಾತ್ರೆಯನ್ನು ಡಬ್ಬದ ಹಿಂದೆ ಇಡಬೇಡಿ, ಬಂದು ಹೇಳಿ. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿ ಇದೆ. ನಾಲ್ಕನೇ ತಿಂಗಳ ಮೇಲೆ ಹುಳದ ಮಾತ್ರೆ ಒಂದನ್ನೂ ಕೊಡುತ್ತಾರೆ, ಅದನ್ನು ಬಿಡಬೇಡಿ.

ಮನೆಯವರಿಗೆ ಒಂದು ಮಾತು. ಅಡುಗೆಯವಳು ಅವಳೇ, ಕೊನೆಗೆ ಉಣ್ಣುವವಳೂ ಅವಳೇ ಆದರೆ ಮೀನಿನ ತುಂಡು ಯಾರ ಬಟ್ಟಲಿಗೆ ಬಿದ್ದಿರುತ್ತದೆ ಎಂದು ನೋಡಿ. ಬಸುರಿಗೆ ಮೊದಲು ಬಡಿಸಿ. 2017ರ ಅಕ್ಟೋಬರ್ 2ರಿಂದ ‘ಮಾತೃಪೂರ್ಣ’ ಯೋಜನೆಯಡಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಶುರುವಾಯಿತು. ನಮ್ಮ ಕಡೆ ಮನೆ ಗುಡ್ಡದ ಮೇಲೆ, ಅಂಗನವಾಡಿ ಬಯಲಲ್ಲಿ. ತುಂಬಿದ ಹೊಟ್ಟೆ ಹೊತ್ತು ಊಟಕ್ಕೆ ಇಳಿದು ಹತ್ತುವುದು ಆಗುವುದಿಲ್ಲ ಎಂದು ಬಿಟ್ಟವರು ಬಹಳ. ಕಷ್ಟವಾದರೆ ಅಂಗನವಾಡಿ ಟೀಚರ ಹತ್ತಿರ ಮಾತಾಡಿ, ಸುಮ್ಮನೆ ಬಿಟ್ಟುಕೊಡಬೇಡಿ.

ಮೀನು ತಿನ್ನಬಹುದಾ? ಪಪ್ಪಾಯಿ?

ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಧಾರಾಳವಾಗಿ ತಿನ್ನಿ. ತಾಟೆಯಂಥ (ಶಾರ್ಕ್) ದೊಡ್ಡ ಬೇಟೆ ಮೀನಿನಲ್ಲಿ ಪಾದರಸ ಸೇರಿರುತ್ತದೆ, ಬಸುರಿನಲ್ಲಿ ಬೇಡ. ಚೆನ್ನಾಗಿ ಹಣ್ಣಾದ ಪಪ್ಪಾಯಿಯಿಂದ ತೊಂದರೆ ಇಲ್ಲ, ಹಾಲು ಸುರಿಯುವ ಕಾಯಿ ಮಾತ್ರ ಬಿಡಿ.

ಬೀಡಿ ಕಟ್ಟಿದರೆ ಮಗುವಿಗೆ ತೊಂದರೆಯಾ? ಕಟ್ಟದಿದ್ದರೆ ವಾರದ ಖರ್ಚಿಗೆ ಏನು ಮಾಡಲಿ?

ಎರಡನೇ ಪ್ರಶ್ನೆಗೆ ಉತ್ತರ ಕೊಡದೆ ಮೊದಲನೆಯದಕ್ಕೆ ಮಾತ್ರ ಹೇಳುವುದು ಸುಲಭ. ತಂಬಾಕಿನ ನಿಕೋಟಿನ್ ಕೈಯ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಬಸುರಿನಲ್ಲಿ ಅದು ಬೇಡವೇ ಬೇಡ. ಬಿಡಲು ಆಗುವುದೇ ಇಲ್ಲ ಎನ್ನುವವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು. ಮಲಗುವ ಕೋಣೆಯಲ್ಲಿ, ಅಡುಗೆ ಮನೆಯಲ್ಲಿ ಎಲೆ, ತಂಬಾಕಿನ ಸೂಪು (ಮೊರ) ಇಡಬೇಡಿ, ಗಾಳಿಯಾಡುವ ಜಗಲಿಯಲ್ಲಿ ಕೂರಿ. ಬಾಯಿಗೆ ಬಟ್ಟೆ ಕಟ್ಟಿ. ಉಣ್ಣುವ ಮುಂಚೆ ಸೋಪು ಹಾಕಿ ಕೈ ತೊಳೆದು, ಉಟ್ಟ ನೈಟಿ ಬದಲಿಸಿ. ಸಾಧ್ಯವಾದರೆ ಎಲೆ ಕತ್ತರಿಸುವುದು ನಿಮಗಿರಲಿ, ತಂಬಾಕು ತುಂಬುವುದು ಮನೆಯ ಇನ್ನೊಬ್ಬರಿಗೆ. ಆ ಇನ್ನೊಬ್ಬರು ಗಂಡಸಾದರೂ ಆದೀತು.

ಗೇರುಬೀಜದ ಕಾರ್ಖಾನೆಗೆ ಹೋಗುವವರಿಗೆ ಹಾಗೂ ಅಂಗಡಿ, ಆಫೀಸಿನವರಿಗೆ: 10 ಮಂದಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಕಾನೂನಿನಲ್ಲೇ ಇದೆ. 2017ರ ತಿದ್ದುಪಡಿಯಿಂದ ಅದು 12 ವಾರದಿಂದ 26 ಆಯಿತು. ಬರವಣಿಗೆಯಲ್ಲಿ ಕೇಳಿ.

ಕಾಲು ಬಾತಿದೆ. ಬಸುರಿಯರಿಗೆಲ್ಲ ಬಾಯುತ್ತದೆ ಅಂತಾರೆ ಅಮ್ಮ.

ಸಂಜೆ ಹೊತ್ತಿಗೆ ಪಾದ ಬಾತು ಬೆಳಿಗ್ಗೆ ಇಳಿದರೆ ಅಮ್ಮ ಹೇಳಿದ್ದು ಸರಿ. ಮುಖ, ಕೈಬೆರಳು ಬಾತು ಬಳೆ ಬಿಗಿಯಾದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೋಯುತ್ತಿದ್ದರೆ ಅದೇ ದಿನ ಬಿಪಿ ನೋಡಿಸಿ. 140/90 ಅಥವಾ ಮೇಲಿದ್ದರೆ ಮನೆಗೆ ಬಂದು ಉಪ್ಪು ಕಡಿಮೆ ಮಾಡಿ ನೋಡೋಣ ಎನ್ನುವ ವಿಷಯವಲ್ಲ. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು. ಹೆರಿಗೆಯಾದ ಮೇಲೂ ಬರಬಹುದು, ಇದು ಬಹಳ ಮಂದಿಗೆ ಗೊತ್ತಿಲ್ಲ. ಹಿಂದಿನ ಬಸುರಿನಲ್ಲಿ ಬಿಪಿ ಏರಿತ್ತೆಂದರೆ ಮೊದಲ ಭೇಟಿಯಲ್ಲೇ ಹೇಳಿ. ಆಗಲೇ ಶುರು ಮಾಡಬೇಕಾದ ಮಾತ್ರೆ ಇದೆ.

ಗ್ಲೂಕೋಸ್ ಕುಡಿಸಿ ಶುಗರ್ ನೋಡುತ್ತಾರಲ್ಲ, ನಮ್ಮ ವಂಶದಲ್ಲಿ ಯಾರಿಗೂ ಶುಗರ್ ಇಲ್ಲ.

ಆದರೂ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140 ಅಥವಾ ಹೆಚ್ಚು ಬಂದರೆ ಅದು ಬಸುರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಮತ್ತೊಮ್ಮೆ. ಹೆಚ್ಚಿನವರಿಗೆ ಊಟದ ಕ್ರಮ, ನಡಿಗೆಯಲ್ಲೇ ಹಿಡಿತಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಜ್ವರ ಬಂದರೆ?

ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ಹೊಸತಲ್ಲ. ಗದ್ದೆ ಕೆಲಸವಿದ್ದ ಮನೆಗಳಲ್ಲಿ ಇಲಿಜ್ವರವೂ ಇದೆ. ಬಸುರಿಯ ಜ್ವರವನ್ನು ‘ಮಳೆಗೆ ನೆನೆದದ್ದು’ ಎಂದು ಮೂರು ದಿನ ಕಾಯಬೇಡಿ, ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ಮೆಡಿಕಲಿನಿಂದ ಕೇಳಿ ತರಬೇಡಿ. ಹಗಲು ಮಲಗುವಾಗಲೂ ಸೊಳ್ಳೆಪರದೆ ಕಟ್ಟಿ, ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಲ್ಲಿ.

ಹೆರಿಗೆಯ ದಿನ ಜುಲೈಯಲ್ಲಿ ಇದೆ. ನಮ್ಮ ಮನೆಗೆ ಗಾಡಿ ಬರುವುದಿಲ್ಲ, ತೋಡಿನ ಮೇಲಿನ ಕಾಲುಸಂಕ ದಾಟಬೇಕು.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಜೋರು ಮಳೆಯ ಆಟಿ ತಿಂಗಳು, ಬೈಂದೂರಿನ ಕಡೆಯ ಒಂದು ಮನೆ. ಎಂಟು ತಿಂಗಳ ಬಸುರಿಗೆ ನೋವೇ ಇಲ್ಲದೆ ರಕ್ತ ಹೋಗಲು ಶುರುವಾಯಿತು. ಗಂಡ ಮುಂಬಯಿಯ ಹೋಟೆಲಿನಲ್ಲಿ, ಫೋನ್ ಬಂದ್. ಮಾವ ಇಲ್ಲ. ಅತ್ತೆ ಒಳ್ಳೆಯವರು, ಸೊಸೆಯೆಂದರೆ ಜೀವ. ಆದರೆ ಮಗನಿಗೆ ಹೇಳದೆ ಆಸ್ಪತ್ರೆಗೆ ಸೇರಿಸಿದರೆ ಖರ್ಚು ಯಾರು ಕೊಡುವುದು, ಏನಾದರೂ ಆದರೆ ಯಾರು ಹೊಣೆ ಎಂದು ಅವರಿಗೆ ಕೈಕಾಲೇ ಆಡಲಿಲ್ಲ. ಮೂರು ಗಂಟೆ ಫೋನ್ ಒತ್ತುತ್ತಾ ಕೂತರು. ಆಮೇಲೆ ನನಗೆ ಹೇಳಿ ಕಳಿಸಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಂದಿ ಹೊತ್ತು ಸಂಕ ದಾಟಿಸಿದ್ದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಮೂರು ಬಾಟಲಿ ರಕ್ತ ಕೊಟ್ಟ ಮೇಲೆ ಅವಳು ಕಣ್ಣು ಬಿಟ್ಟಳು. ಮಗು ಉಳಿಯಲಿಲ್ಲ.

ಅಂದಿನಿಂದ ಏಳನೇ ತಿಂಗಳಲ್ಲಿ ಪ್ರತಿ ಮನೆಯಲ್ಲೂ ಕೇಳುತ್ತಿದ್ದೆ, ‘ಗಂಡನಿಗೆ ಫೋನ್ ಸಿಗದಿದ್ದರೆ ಹೊರಡು ಅನ್ನುವವರು ಯಾರು?’ ಒಂದು ಹೆಸರು ಹೇಳಿಸಿ ತಾಯಿ ಕಾರ್ಡಿನ ಹಿಂದೆ ಬರೆಸುತ್ತಿದ್ದೆ. ಅತ್ತೆಯ ಹೆಸರು ಬರೆದರೆ ಗಂಡ ಅದನ್ನು ಅತ್ತೆಯ ಎದುರೇ ಒಪ್ಪಬೇಕು. ಅದರ ಕೆಳಗೆ ಗಾಡಿಯವರ ಎರಡು ನಂಬರು, ರಕ್ತ ಕೊಡಬಲ್ಲ ಇಬ್ಬರ ಹೆಸರು, ಹೋಗುವ ಆಸ್ಪತ್ರೆ. 108 ಉಚಿತ, ಆದರೆ ಗಾಡಿ ಬರುವ ರಸ್ತೆಯ ತನಕ ನಿಮ್ಮನ್ನು ತಲುಪಿಸುವವರು ಯಾರೆಂದು ಮೊದಲೇ ಗೊತ್ತಿರಲಿ. ಸಂಕದಾಚೆ ಮನೆಯಿದ್ದರೆ, ಅಥವಾ ಆಗುಂಬೆ, ಚಾರ್ಮಾಡಿ ಬುಡದ ಊರಾದರೆ, ದಿನಕ್ಕೆ ಎರಡು ವಾರ ಮುಂಚೆಯೇ ಪೇಟೆಯ ಹತ್ತಿರದ ನೆಂಟರ ಮನೆಗೆ ಬಂದುಬಿಡಿ.

ಸರಕಾರಿ ಆಸ್ಪತ್ರೆ ಎಂದರೆ ಮಂಗಳೂರಿನಲ್ಲಿ ಹಂಪನಕಟ್ಟೆ ಹತ್ತಿರದ ಲೇಡಿಗೋಷನ್, ಉಡುಪಿಯಲ್ಲಿ ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ತಾಯಿ ಮತ್ತು ಮಕ್ಕಳ ಆಸ್ಪತ್ರೆ. ತೊಡಕಿನ ಬಸುರಾದರೆ ಹತ್ತಿರದ ಆಸ್ಪತ್ರೆ ಸಾಕಾ, ನೇರ ಅಲ್ಲಿಗೇ ಹೋಗಬೇಕಾ ಎಂದು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಯಾವಾಗ ಕಾಯದೆ ಹೊರಡಬೇಕು?

ರಕ್ತ ಕಂಡರೆ, ನೀರು ಹೋದರೆ, ಫಿಟ್ಸ್ ಬಂದರೆ, ತಡೆಯಲಾಗದ ತಲೆನೋವು ಅಥವಾ ಹೊಟ್ಟೆನೋವಿದ್ದರೆ, ಉಸಿರು ಕಟ್ಟಿದರೆ, ಚಳಿಜ್ವರ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾಗಿದೆ ಎಂದು ನಿಮಗೆ ಅನಿಸಿದರೆ. ಕೊನೆಯದಕ್ಕೆ ಯಾರೂ ‘ಮಗು ನಿದ್ದೆ ಮಾಡಿರಬೇಕು’ ಎಂದು ಸಮಾಧಾನ ಹೇಳಬೇಡಿ. ಹೊಟ್ಟೆಯೊಳಗಿನದು ಗೊತ್ತಾಗುವುದು ಅವಳೊಬ್ಬಳಿಗೇ.

ಹೆರಿಗೆ ಕೋಣೆಗೆ ಅಮ್ಮನನ್ನು ಬಿಡುತ್ತಾರಾ?

ಕೇಳಿ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಮನೆಯ ಒಬ್ಬ ಹೆಂಗಸು ಜೊತೆಗಿರಬಹುದು ಎಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ತಾನೂ ಹೆತ್ತವಳಾಗಿರಬೇಕು, ಸಾಂಕ್ರಾಮಿಕ ಕಾಯಿಲೆ ಇರಬಾರದು, ನರ್ಸುಗಳ ಕೆಲಸಕ್ಕೆ ಅಡ್ಡ ಬರಬಾರದು. ನೋವಿನ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ನೋವಿನ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನನ್ನ ಚೊಚ್ಚಲ ಹೆರಿಗೆಯಲ್ಲಿ ಹನ್ನೊಂದು ಗಂಟೆ ಒಬ್ಬಳೇ ಇದ್ದೆ. ಕೂಗಿದ್ದಕ್ಕೆ ಗದರಿದರು. ಅಮ್ಮ ಹೊರಗಿನ ಬೆಂಚಿನಲ್ಲಿ ಕೂತು ನನ್ನ ಕೂಗು ಕೇಳುತ್ತಿದ್ದರು. ಈ ಕೆಲಸಕ್ಕೆ ಬಂದ ಮೇಲೆ ನೋವು ತಿನ್ನುವವರ ಸೊಂಟ ಉಜ್ಜದೆ, ಕೈ ಹಿಡಿಯದೆ ನಾನು ಎದ್ದು ಹೋದದ್ದಿಲ್ಲ.

ಜೋಯಿಸರು ಒಳ್ಳೆ ಗಳಿಗೆ ಕೊಟ್ಟಿದ್ದಾರೆ. ಆ ಹೊತ್ತಿಗೆ ಸಿಸೇರಿಯನ್ ಮಾಡಿಸಬಹುದಾ?

ಬೇಡ. 39 ವಾರ ತುಂಬದೆ ಕಾರಣವಿಲ್ಲದೆ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ತಾಯಿಗೆ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವಿದೆ. ಡಾಕ್ಟರು ಕಾರಣ ಹೇಳಿ ಸಿಸೇರಿಯನ್ ಬೇಕೆಂದರೆ ಮಾತ್ರ ಹಿಂಜರಿಯಬೇಡಿ.

ಹಣದ ಸಹಾಯ ಏನೇನಿದೆ?

ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲಿಗೆ 5,000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣಾದರೆ 6,000. ಅರ್ಹತೆಯ ಷರತ್ತುಗಳನ್ನು ಅಂಗನವಾಡಿಯಲ್ಲಿ ಕೇಳಿ. ಜನನಿ ಸುರಕ್ಷಾದಲ್ಲಿ ಬಡತನ ರೇಖೆಯ ಕೆಳಗಿನವರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆಸ್ಪತ್ರೆ ಹೆರಿಗೆಗೆ ಹಳ್ಳಿಯಲ್ಲಿ 700, ಪೇಟೆಯಲ್ಲಿ 600. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ, ಊಟ ಎಲ್ಲ ಉಚಿತ. ಮನೆಗೆ ಬಿಡಲು ‘ನಗು-ಮಗು’ ಗಾಡಿ ಇದೆ. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಬಾಣಂತಿಗೆ ನೀರು ಕೊಡಬಾರದು ಅಂತಾರೆ.

ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ನಲವತ್ತು ದಿನ ವಿಶ್ರಾಂತಿ, ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ, ಕೈಗೆ ಬಡಿಸುವ ಊಟ ಇದ್ಯಾವುದನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ನೀರು ಮಾತ್ರ ಕಡಿಮೆ ಮಾಡಬೇಡಿ. ಹಾಲು ಕುಡಿಸುವವಳಿಗೆ ಬಾಯಾರಿಕೆ ಹೆಚ್ಚು, ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆಯೂ ಬರುತ್ತದೆ. ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಜೇನು ನೆಕ್ಕಿಸುವುದು ಬೇಡ. ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ವಾಸನೆಯ ಸ್ರಾವ, ಜ್ವರ ಇದ್ದರೆ ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ 3, 7, 14, 21, 28, 42ನೇ ದಿನ ಬರಬೇಕು. ಬಂದವರು ಮಗುವನ್ನು ಮಾತ್ರ ನೋಡಿ ಎದ್ದರೆ ‘ನನ್ನನ್ನೂ ನೋಡಿ’ ಎನ್ನಿ.

ಮಗು ಹುಟ್ಟಿ ತಿಂಗಳಾಯಿತು. ಸುಮ್ಮನೆ ಅಳು ಬರುತ್ತದೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ನಾನು ಕೆಟ್ಟವಳಾ?

ಅಲ್ಲ ಮಗಾ. ಮೊದಲ ಹತ್ತು ದಿನದ ಅಳು ಹೆಚ್ಚಿನ ಬಾಣಂತಿಯರಿಗೆ ಬರುತ್ತದೆ, ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಇದೆ, ಗುಣವಾಗುತ್ತದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ನಿದ್ದೆಯೇ ಇಲ್ಲದೆ, ಇಲ್ಲದ್ದು ಕೇಳಿಸುತ್ತಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡುವ ಮಾತಾಡಿದರೆ ಮನೆಯವರು ಅದನ್ನು ‘ಬಾಣಂತಿ ಸನ್ನಿ’ ಎಂದು ಮಂತ್ರವಾದಿಯ ಹತ್ತಿರ ಹೋಗಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವಳನ್ನು ಒಬ್ಬಳೇ ಬಿಡಬೇಡಿ.

ಹೊಟ್ಟೆಯಲ್ಲೇ ಮಗು ಹೋಯಿತು. ಆಮೇಲೆ ಯಾರೂ ಮನೆಗೆ ಬರಲಿಲ್ಲ.

ಇದನ್ನು ಒಬ್ಬಳು ಕೇಳಿದಳು, ಪ್ರಶ್ನೆಯಾಗಿ ಅಲ್ಲ. ಬರಬೇಕಿತ್ತು. ತೊಟ್ಟಿಲು ಇಲ್ಲದ ಮನೆಗೆ ಹೋಗಿ ಏನು ಮಾತಾಡುವುದು ಎಂದು ನಾವೂ ಹಿಂದೆ ಸರಿಯುತ್ತೇವೆ. ಅವಳೂ ಬಾಣಂತಿಯೇ. ರಕ್ತಸ್ರಾವ, ಬಿಪಿ, ಕಬ್ಬಿಣದ ಮಾತ್ರೆ ಎಲ್ಲವನ್ನೂ ಅವಳಿಗೂ ನೋಡಬೇಕು. ಕೆಲಸಕ್ಕೆ ಹೋಗುವವಳಾದರೆ ಗರ್ಭಪಾತಕ್ಕೂ 6 ವಾರದ ರಜೆ ಕಾನೂನಿನಲ್ಲಿದೆ. ಮತ್ತೆ ಯಾರೂ ಹೇಳಿರದ ಒಂದು ವಿಷಯ: ಮೂರನೇ ದಿನದ ಹೊತ್ತಿಗೆ ಎದೆಯಲ್ಲಿ ಹಾಲು ಬರುತ್ತದೆ. ಹಿಂಡುತ್ತಾ ಹೋಗಬೇಡಿ, ತೀರಾ ನೋವಾದರೆ ಸ್ವಲ್ಪ ಮಾತ್ರ ತೆಗೆಯಿರಿ. ಹಿಡಿದು ನಿಲ್ಲುವ ಒಳಉಡುಪು ಹಾಕಿ, ತಣ್ಣೀರಿನ ಬಟ್ಟೆ ಇಡಿ. ಒಂದೆರಡು ವಾರದಲ್ಲಿ ಇಳಿಯುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ತೋರಿಸಿ. ಆ ಮೂರನೇ ದಿನ ಮನೆಯಲ್ಲಿ ಯಾರಾದರೂ ಅವಳ ಹತ್ತಿರ ಮಲಗಿ.